ಬುಟ್ಟಿದ್ದೆ ಎಂದಳು, ಬಿಟ್ಟುಕೊಟ್ಟೆ ಎಂದೆ

ಕೋರ್ಟಿನ ಕೆಲಸಕ್ಕೆ ಸೇರಿದ ದಿನ ನನ್ನ ಕೈಗೆ ಮೊದಲು ಬಂದ ಸಾಮಾನು ದಬ್ಬಳ. ಗೋಣಿಚೀಲ ಹೊಲೆಯುತ್ತಾರಲ್ಲ, ಅದೇ. ಕೇಸಿನ ಕಾಗದಗಳನ್ನು ಕಟ್ಟು ಮಾಡಿ ಹೊಲೆಯುವುದೇ ಮೊದಲ ವರ್ಷದ ಕೆಲಸ. ಮೂವತ್ತು ಚಿಲ್ಲರೆ ವರ್ಷ ಕಳೆದು ಹೊರಗೆ ಬರುವಾಗ ನಾನು ಬೆಂಚ್ ಕ್ಲರ್ಕು, ಅಂದರೆ ಜಡ್ಜರ ಪೀಠದಿಂದ ಒಂದು ಮೆಟ್ಟಿಲು ಕೆಳಗೆ ಕೂತು ಕೇಸು ಕರೆಯುವವನು. ನಡುವೆ ಯಾವ ಹುದ್ದೆ ಯಾವಾಗ ಬಂತು ಎನ್ನುವುದು ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ನೋಡಿಕೊಳ್ಳಲಿ. ಈಗ ಪರೀಕ್ಷೆ ಬರೆದು ಕೋರ್ಟಿಗೆ ಸೇರುವ ನಮ್ಮ ಕಡೆಯ ಮಕ್ಕಳು ಆಗಾಗ ಮನೆಗೆ ಬಂದು, ಕೆಲಸ ಹೇಗಿರುತ್ತೆ ಸಾರ್ ಎಂದು ಕೇಳುತ್ತಾರೆ. ಕಾಫಿ ಕೊಟ್ಟು, ಒಳ್ಳೆಯ ಕೆಲಸ, ಭದ್ರವಾಗಿರುತ್ತೆ ಎಂದು ಹೇಳಿ ಕಳಿಸುತ್ತೇನೆ. ಅದೇನೂ ಸುಳ್ಳಲ್ಲ. ಉಳಿದದ್ದನ್ನು ಮುಖ ನೋಡಿಕೊಂಡು ಹೇಳುವುದಕ್ಕೆ ಆಗುವುದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಕೋರ್ಟಿನ ಹೆಸರು ಬರೆಯುವುದಿಲ್ಲ. ತಮಿಳುನಾಡಿನಲ್ಲಿ, ಹೊಸೂರಿಗೂ ಕೃಷ್ಣಗಿರಿಗೂ ನಡುವೆ ಎಲ್ಲೋ ಎಂದುಕೊಳ್ಳಿ. ನಾನು ತಳಿ ಕಡೆಯ ಹಳ್ಳಿಯವನು. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಮೂರೂ ಬಾಯಿಗೆ ಸಲೀಸು. ನಮ್ಮ ಕೋರ್ಟಿಗೆ ಜಡ್ಜುಗಳು ಬರುವುದು ತಂಜಾವೂರು, ತಿರುನೆಲ್ವೇಲಿ ಕಡೆಯಿಂದ. ಸಾಕ್ಷಿ ಹೇಳಲು ಬರುವ ಹಳ್ಳಿಯವರಲ್ಲಿ ಬಹಳ ಜನ ಕನ್ನಡದವರು. ನಡುವೆ ಮಾತು ದಾಟಿಸಲು ಒಬ್ಬ ಬೇಕು. ಅದಕ್ಕೆಂದೇ ಒಂದು ಹುದ್ದೆ ನಾನಿದ್ದಷ್ಟು ಕಾಲ ಅಲ್ಲಿರಲಿಲ್ಲ. ಯಾರಿಗೆ ಭಾಷೆ ಬರುತ್ತದೋ ಅವರು ಎದ್ದು ನಿಲ್ಲಬೇಕು. ಹಾಗೆ ಒಂದು ದಿನ ನಾನು ಎದ್ದು ನಿಂತೆ, ನಿವೃತ್ತನಾಗುವವರೆಗೂ ಕೂರಲಿಲ್ಲ.

ನಾನು ಮಾತು ದಾಟಿಸಲು ಕಲಿತದ್ದು ಒಬ್ಬ ಹಳೆಯ ಜಡ್ಜರ ಹತ್ತಿರ. ಸಣ್ಣ ದೇಹ, ದಪ್ಪ ಕನ್ನಡಕ, ವಿಪರೀತ ತಾಳ್ಮೆ. ಸಾಕ್ಷಿ ಹೇಳಿದ ಮಾತಿನಲ್ಲಿ ನೆಲ, ನೀರು, ನೆಂಟಸ್ತಿಕೆ ಯಾವುದಾದರೂ ಬಂದರೆ ಅವರು ಬರೆಯುವುದನ್ನು ನಿಲ್ಲಿಸುತ್ತಿದ್ದರು. ಮೊದಲು ಆ ಮನುಷ್ಯ ಆಡಿದ ಕನ್ನಡದ ಮಾತನ್ನೇ ತಮಿಳು ಅಕ್ಷರದಲ್ಲಿ ಬರೆಸಬೇಕು, ಅದರ ಕೆಳಗೆ ಅರ್ಥ ಬರೆಸಬೇಕು. ಎರಡೂ ಇದ್ದರೆ ನಾಳೆ ಯಾರಾದರೂ ತಪ್ಪು ಹಿಡಿಯಬಹುದು, ಅರ್ಥ ಒಂದೇ ಇದ್ದರೆ ತಪ್ಪು ಹಿಡಿಯಲು ಏನಿರುತ್ತೆ ಎಂದು ನನಗೆ ಹೇಳುತ್ತಿದ್ದರು. ದಿನಕ್ಕೆ ಒಬ್ಬ ಸಾಕ್ಷಿ ಮುಗಿದರೆ ಹೆಚ್ಚು. ವಕೀಲರು ಗೊಣಗಿದರು. ಕೇಸು ಮುಗಿಸುವ ಲೆಕ್ಕದಲ್ಲಿ ನಮ್ಮ ಕೋರ್ಟು ಹಿಂದೆ ಬಿತ್ತು ಎಂದು ಮೇಲಿನಿಂದ ಕಾಗದದ ಮೇಲೆ ಕಾಗದ ಬಂತು. ಆಮೇಲೆ ಅವರಿಗೇ ವರ್ಗದ ಕಾಗದ ಬಂತು. ಅವರ ಜೊತೆಗೆ ಆ ಪದ್ಧತಿಯೂ ಬಸ್ಸು ಹತ್ತಿತು.

ಅನಂತರ ಬಂದವರೆಲ್ಲ ಕೆಟ್ಟವರೇನಲ್ಲ, ಅವಸರದವರು. ನಾನೂ ಅವಸರ ಕಲಿತೆ. ಆ ಕಾಲದ ಒಂದು ಎಡವಟ್ಟು ಹೇಳುತ್ತೇನೆ. ಒಂದು ದಿನ ವರಾಂಡದಲ್ಲಿ ನಿಂತ ಜವಾನನಿಂದ ಮುನಿಯಪ್ಪ, ಮುನಿಯಪ್ಪ, ಮುನಿಯಪ್ಪ ಎಂದು ಮೂರು ಸಲ ಕೂಗಿಸಿದೆ. ತಂದೆಯ ಹೆಸರು ಸೇರಿಸಲು ಮರೆತೆ. ಒಬ್ಬ ಬಂದು ಕಟಕಟೆ ಹತ್ತಿದ, ಪ್ರಮಾಣ ಮಾಡಿದ, ಎರಡು ಪ್ರಶ್ನೆಗೆ ಹೌದು ಸ್ವಾಮಿ ಎಂದೂ ಹೇಳಿದ. ಮೂರನೆಯದಕ್ಕೆ ವಕೀಲರಿಗೆ ಅನುಮಾನ ಬಂದು ವಿಚಾರಿಸಿದರೆ, ಆತ ಬೇರೆ ಮುನಿಯಪ್ಪ. ತಮ್ಮನ ಜಾಮೀನಿಗೆಂದು ಬಂದವನು. ಯಾಕಯ್ಯ ಹೌದು ಅಂದೆ ಎಂದು ನಾನು ಕೇಳಿದ್ದಕ್ಕೆ, “ದೊಡ್ಡೋರು ಕೇಳ್ದಾಗ ಇಲ್ಲ ಅನ್ನಕಾಯ್ತದಾ ಸ್ವಾಮಿ” ಎಂದ. ಕೋರ್ಟಿಗೆ ಕೋರ್ಟೇ ನಕ್ಕಿತು, ನಾನೂ ನಕ್ಕೆ. ಆ ಮಾತನ್ನು ನಾನು ನಗುವುದು ಬಿಟ್ಟು ಬರೆದಿಟ್ಟುಕೊಂಡಿದ್ದರೆ ಚೆನ್ನಾಗಿತ್ತು.

ದುಡ್ಡಿದ್ದವರು ಕೋರ್ಟನ್ನು ಕೊಳ್ಳುತ್ತಾರೆ ಎಂದು ಹೊರಗಿನವರು ಮಾತಾಡುತ್ತಾರೆ. ನಾನು ಕಂಡಂತೆ ಅವರಿಗೆ ಅಷ್ಟು ಕಷ್ಟವೇ ಬೇಕಿಲ್ಲ. ವಾಯಿದೆ ಬಿದ್ದರೆ ಅವರ ಕಡೆಯಿಂದ ಒಬ್ಬ ಗುಮಾಸ್ತ ಬಂದು ತಾರೀಕು ಬರೆದುಕೊಂಡು ಹೋಗುತ್ತಾನೆ. ಹಳ್ಳಿಯವನು ಕೂಲಿ ಬಿಟ್ಟು, ದನ ಯಾರಿಗೋ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಬರುತ್ತಾನೆ, ಸಂಜೆವರೆಗೆ ಹುಣಸೆ ಮರದ ಕೆಳಗೆ ಕೂತು ಅದೇ ತಾರೀಕು ತಗೊಂಡು ಹೋಗುತ್ತಾನೆ. ಹತ್ತು ಸಲ ಹೀಗಾದರೆ ಅವನಿಗೆ ನ್ಯಾಯ ಬೇಡವಾಗುತ್ತದೆ, ಮುಗಿದರೆ ಸಾಕಾಗುತ್ತದೆ. ಇದರಲ್ಲಿ ಯಾರೂ ಲಂಚ ತಿಂದಿಲ್ಲ, ಯಾವ ಕಾನೂನೂ ಮುರಿದಿಲ್ಲ. ತಾರೀಕನ್ನು ಬರೆದು ಕೊಡುತ್ತಿದ್ದವನು ನಾನೇ.

ಆಮೇಲೆ ಕಂಪ್ಯೂಟರು ಬಂತು. ಟೈಪ್‌ರೈಟರ್ ಕಾಲದಲ್ಲಿ ಸಾಕ್ಷಿಯ ಹೇಳಿಕೆ ಮುಗಿದ ಮೇಲೆ ಕೊನೆಯಲ್ಲಿ ಒಂದು ಸಾಲು ಹೊಡೆಯಬೇಕಿತ್ತು: ಸಾಕ್ಷಿಗೆ ಅವರ ಭಾಷೆಯಲ್ಲಿ ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು. ಆ ಸಾಲು ಹೊಡೆಯುವಾಗಲಾದರೂ, ಓದಿ ಹೇಳಿದೆವಾ ಎಂದು ಒಂದು ಗಳಿಗೆ ನೆನಪಾಗುತ್ತಿತ್ತು. ಕಂಪ್ಯೂಟರಿನಲ್ಲಿ ಅದು ಮೊದಲೇ ಕೂತಿರುತ್ತದೆ. ಸಾಕ್ಷಿ ಇನ್ನೂ ವರಾಂಡದಲ್ಲಿ ಚಪ್ಪಲಿ ಬಿಡುತ್ತಿರುತ್ತಾನೆ, ಇಲ್ಲಿ ಪರದೆಯ ಮೇಲೆ ಅವನು ಎಲ್ಲವನ್ನೂ ಕೇಳಿ ಸರಿಯೆಂದು ಒಪ್ಪಿಯಾಗಿರುತ್ತದೆ. ಕೆಳಗೆ ಮಾತು ದಾಟಿಸಿದವನ ಸಹಿಗೆ ಜಾಗ. ನನ್ನ ಹೆಸರು, ನಂಜುಂಡಪ್ಪ ಎಂದು, ಅದೂ ಮೊದಲೇ ಕೂತಿರುತ್ತಿತ್ತು.

ಪಾಪಮ್ಮನ ಕೇಸು ಬಂದದ್ದು ಆ ಕಾಲದಲ್ಲಿ.

ಪಾಪಮ್ಮ ಉದ್ದನಪಲ್ಲಿ ಹತ್ತಿರದ ಹಳ್ಳಿಯವಳು. ಗಂಡ ಸತ್ತ ಹೆಂಗಸು, ಒಬ್ಬಳೇ ಮಗಳು. ರಸ್ತೆಗೆ ಅಂಟಿಕೊಂಡ ಎರಡೂವರೆ ಎಕರೆ ಹೊಲ. ಮಾವನ ಕಾಲದಲ್ಲಿ ಬಾಯಿಮಾತಿನಲ್ಲಿ ಭಾಗವಾಗಿ ಇವರ ಪಾಲಿಗೆ ಬಂದದ್ದು. ಕಾಗದದಲ್ಲಿ ಮಾತ್ರ ದಾಯಾದಿಯ ಹೆಸರು ಉಳಿದುಬಿಟ್ಟಿತ್ತು. ನಮ್ಮ ಕಡೆ ಅರ್ಧ ಹೊಲಗಳ ಕತೆ ಇದೇ. ರಸ್ತೆ ಅಗಲವಾಗಿ, ಗೋಡೌನು ಕಟ್ಟುವವರು ಜಾಗ ಹುಡುಕಿಕೊಂಡು ಬಂದಾಗ ಆ ದಾಯಾದಿ ಮಾರಿಬಿಟ್ಟ. ಕೊಂಡವರು, ನೆಲ ನಮ್ಮದು, ಈಕೆ ಅತಿಕ್ರಮ ಮಾಡಿದ್ದಾಳೆ ಎಂದು ದಾವೆ ಹಾಕಿದರು. ಅವರ ಕಡೆ ಚೆನ್ನೈಯಿಂದ ಬರುವ ದೊಡ್ಡ ವಕೀಲರು. ಇವಳ ಕಡೆ ಧರ್ಮಪುರಿಯ ಒಬ್ಬ ವಕೀಲ, ಒಳ್ಳೆಯ ಮನುಷ್ಯ, ಕನ್ನಡ ಒಂದಕ್ಷರ ಬಾರದು. ಗಂಡ ಇದ್ದಾಗಿನಿಂದ ಇವತ್ತಿನವರೆಗೆ ಹೊಲ ತನ್ನ ಕೈಯಲ್ಲೇ ಇದೆ ಎಂದು ಪಾಪಮ್ಮ ತೋರಿಸಿದರೆ ಹೊಲ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇಡೀ ಕೇಸು ಅಷ್ಟೇ.

ಸಾಕ್ಷಿಗೆ ಕರೆದ ದಿನ ಆಕೆ ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಸಂತೆಯಲ್ಲಿ ಸೊಪ್ಪು, ಹೂವು ಮಾರಿದವಳು, ವ್ಯಾಪಾರಕ್ಕೆ ಬೇಕಾದ ತಮಿಳು ಬರುತ್ತಿತ್ತು. ತಮಿಳಲ್ಲೇ ಹೇಳಲಾ ಎಂದು ನನ್ನನ್ನು ಕೇಳಿದಳು. ನನಗೆ ಮರುಕ ಬಂತು, ಸ್ವಲ್ಪ ಜಂಬವೂ ಇತ್ತು ಎನ್ನಿ. “ನಮ್ ಮಾತಲ್ಲೇ ಹೇಳಮ್ಮ,” ಎಂದೆ. “ನಾನಿದ್ದೀನಿ.”

ದೊಡ್ಡ ವಕೀಲರು ಗ್ರಾಮದ ಅಡಂಗಲ್ ಹಿಡಿದುಕೊಂಡಿದ್ದರು. ಯಾವ ಹೊಲದಲ್ಲಿ ಯಾವ ವರ್ಷ ಏನು ಬೆಳೆ ಎಂದು ಬರೆಯುವ ಪುಸ್ತಕ ಅದು. ಗಂಡ ಸತ್ತ ಮೇಲೆ ಮೂರು ವರ್ಷ ಆ ಹೊಲದ ಎದುರಿಗೆ ಏನೂ ಇಲ್ಲ. ಯಾಕೆ ಎಂದು ಕೇಳಿದರು.

“ಅವ್ರು ಆ ಹೊಲದಲ್ಲೇ ಬಿದ್ದು ವೋಗ್ಬುಟ್ರು ಸ್ವಾಮಿ,” ಎಂದಳು ಪಾಪಮ್ಮ. “ಕಾಲಿಕ್ಕಾಕೆ ಮನಸ್ಸು ಬರ್ಲಿಲ್ಲ. ಮೂರ್ ವರ್ಸ ನೆಲ ಬುಟ್ಟಿದ್ದೆ. ಆಮ್ಯಾಕೆ ರಾಗಿ ಆಕ್ದೆ.”

ನೆಲ ಬುಟ್ಟಿದ್ದೆ ಎಂದರೆ ನಮ್ಮ ಕಡೆ ಯಾರನ್ನು ಬೇಕಾದರೂ ಕೇಳಿ, ಉಳದೆ ಬಿತ್ತದೆ ಬೀಳು ಬಿಟ್ಟಿದ್ದೆ ಎಂದರ್ಥ. ನಮ್ಮಪ್ಪ ನನ್ನೆದುರಿಗೆ ನೂರು ಸಲ ಆಡಿದ ಮಾತು. ತಮಿಳಿನಲ್ಲಿ ಅದಕ್ಕೆ ‘ದರಿಸು’ ಎಂಬ ಮಾತಿದೆ, ನನಗೆ ಗೊತ್ತಿಲ್ಲದ್ದೂ ಅಲ್ಲ. ಆದರೆ ಆ ಜಡ್ಜರು ನನ್ನ ವೇಗವನ್ನು ಎಲ್ಲರ ಮುಂದೆ ಹೊಗಳುತ್ತಿದ್ದರು, ಸಾಕ್ಷಿ ಬಾಯಿ ಮುಚ್ಚುವುದರೊಳಗೆ ನನ್ನದು ಮುಗಿದಿರಬೇಕು. ಊಟದ ಹೊತ್ತು ಬೇರೆ. ಎರಡು ಭಾಷೆ ಒಂದೇ ಥರ ಕೇಳಿಸುವ ಕಡೆ ನಾಲಿಗೆ ಯೋಚನೆ ಮಾಡುವುದಿಲ್ಲ. ‘ನಿಲತ್ತೆ ವಿಟ್ಟುಟ್ಟಾಂಗ’ ಎಂದುಬಿಟ್ಟೆ. ತಮಿಳರ ಕಿವಿಗೆ ಅದು, ನೆಲವನ್ನು ಬಿಟ್ಟುಕೊಟ್ಟಳು, ಕೈಬಿಟ್ಟಳು ಎಂದು ಕೇಳುತ್ತದೆ. ಗಂಡ ಹೊಲದಲ್ಲಿ ಬಿದ್ದು ಸತ್ತ ಮಾತು ಪ್ರಶ್ನೆಗೆ ಸಂಬಂಧವಿಲ್ಲ ಎಂದು ಜಡ್ಜರು ಬರೆಸಲಿಲ್ಲ. ದೊಡ್ಡ ವಕೀಲರ ಮುಖ ಒಂದು ಕ್ಷಣ ಅಲುಗಾಡದೆ ನಿಂತಿತು. ಆಮೇಲೆ ಕೂತುಬಿಟ್ಟರು, ಇನ್ನು ಪ್ರಶ್ನೆಯಿಲ್ಲ ಎಂದರು. ನನಗೆ ಅದೂ ಹೊಳೆಯಲಿಲ್ಲ. ಬೇಗ ಮುಗಿಯಿತಲ್ಲ ಎಂದು ಖುಷಿಯಾಯಿತು.

ನೀವು ಕೇಳಬಹುದು, ಓದಿ ಹೇಳುವ ಪದ್ಧತಿ ಇತ್ತಲ್ಲ ಎಂದು. ಆ ದಿನ ನಾನು ಓದಿ ಹೇಳಿದೆ. ಅದೇ ನನ್ನನ್ನು ಇವತ್ತಿಗೂ ತಿನ್ನುವುದು. ಪರದೆ ನೋಡುತ್ತಾ ತಮಿಳನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ, ಮೂರು ವರ್ಷ ನೆಲ ಬಿಟ್ಟಿದ್ದೆ ಅಂದೆಯಲ್ಲಮ್ಮ ಎಂದು ಕೇಳಿದೆ. ಆಕೆಯ ಮಾತು ಆಕೆಗೇ ವಾಪಸ್ಸು ಹೋಯಿತು. ಹೌದು ಸ್ವಾಮಿ ಎಂದಳು. ಸಹಿ ಬಾರದು, ಹೆಬ್ಬೆಟ್ಟು ಒತ್ತಿದಳು. ಅದರ ಪಕ್ಕದಲ್ಲಿ ನಾನು ಸಹಿ ಮಾಡಿ ಊಟಕ್ಕೆ ಹೋದೆ.

ತೀರ್ಪು ಬಂದದ್ದು ಎಂಟು ತಿಂಗಳ ಮೇಲೆ. ನಕಲು ಪ್ರತಿ ಸರಿನೋಡಲು ನನ್ನ ಮೇಜಿಗೆ ಬಂತು. ಓದುತ್ತಾ ಹೋದೆ. ಪ್ರತಿವಾದಿಯು ತಾನೇ ನೆಲವನ್ನು ಬಿಟ್ಟುಕೊಟ್ಟಿದ್ದಾಗಿ ಪ್ರಮಾಣದ ಮೇಲೆ ಒಪ್ಪಿದ್ದಾರೆ, ಅನಂತರ ರಾಗಿ ಬಿತ್ತಿದ್ದು ಅತಿಕ್ರಮ ಪ್ರವೇಶವಾಗುತ್ತದೆ, ಎಂದಿತ್ತು. ಬಿತ್ತಿದ್ದೇ ತಪ್ಪಾಗಿಹೋಗಿತ್ತು. ಸಾಕ್ಷಿ ಹೇಳಿಕೆ ತೆಗೆಸಿ ನೋಡಿದೆ. ಹಳೆಯ ಜಡ್ಜರ ಪದ್ಧತಿಯಂತೆ ಆಕೆಯ ಮಾತು ಮೇಲೊಂದು ಸಾಲು ಇದ್ದಿದ್ದರೆ ತೋರಿಸಬಹುದಿತ್ತು. ಅಲ್ಲಿದ್ದದ್ದು ನನ್ನ ಮಾತು ಒಂದೇ.

ಆಗ ಶಿರಸ್ತೇದಾರರಾಗಿದ್ದವರು ಶ್ರೀನಿವಾಸುಲು. ಆಫೀಸಿಗೆಲ್ಲ ಮೇಲಿನವರು, ನನಗಿಂತ ಎರಡು ವರ್ಷ ಹಿರಿಯರು, ಹೊಸೂರಿನ ತೆಲುಗು ಮನೆತನದವರು. ಬಾಗಿಲು ಹಾಕಿ ಅವರಿಗೆ ಎಲ್ಲ ಹೇಳಿದೆ.

“ನಂಜುಂಡಪ್ಪ, ನಿಂಗೆ ಇನ್ನು ಮೂರು ವರ್ಷ ಸರ್ವೀಸ್ ಐತೆ,” ಎಂದರು. “ಈಗ ಬಾಯಿ ತೆಗೆದ್ರೆ ನೀನು ಮಾತು ದಾಟಿಸಿದ ಎಲ್ಲಾ ಕೇಸೂ ಎದ್ದು ಕೂತ್ಕೋತಾವೆ. ನಿನ್ನ ಮೇಲೆ ವಿಚಾರಣೆ. ಆಫೀಸಿಗೆ ಮರ್ಯಾದೆ ಹೋಗ್ತದೆ. ಅವ್ಳು ಹೆಂಗೂ ಅಪ್ಪೀಲ್ ಹೋಗ್ತಾಳೆ, ಅಲ್ಲಿ ನೋಡ್ಕೋತಾರೆ ಬಿಡಪ್ಪ.”

ಅವರು ನನ್ನನ್ನು ಹೆದರಿಸಲಿಲ್ಲ. ನನಗೇ ಗೊತ್ತಿದ್ದದ್ದನ್ನು ಹೇಳಿದರು. ನಾನು ಬಾಯಿ ತೆಗೆಯಲಿಲ್ಲ.

ವಾರ ಕಳೆದು ಪಾಪಮ್ಮ ನಕಲು ಪ್ರತಿಗೆ ಬಂದಳು. ಕಿಟಕಿಯ ಆಚೆ ನಿಂತು ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾ ಕೇಳಿದಳು: “ನಾನೇ ಏನೋ ತಪ್ಪು ಯೋಳ್ಬುಟ್ಟೆ ಅಂತ ವಕೀಲ್ರು ಅಂತಾವ್ರೆ. ಏನಂದೆ ಅಣ್ಣ ನಾನು?”

ಅಲ್ಲಿಯವರೆಗೆ ಸ್ವಾಮಿ ಎನ್ನುತ್ತಿದ್ದವಳು ಅವತ್ತು ಅಣ್ಣ ಎಂದಳು. ಏನೂ ಇಲ್ಲಮ್ಮ, ಅಪ್ಪೀಲು ಹಾಕಿ, ಸರಿಹೋಗುತ್ತೆ ಎಂದೆ. ಮೂವತ್ತು ವರ್ಷದಲ್ಲಿ ನಾನು ಆಡಿದ ಅತಿ ಹೇಸಿಗೆಯ ಮಾತು ಅದು. ತಪ್ಪು ದಾಟಿಸಿದ್ದು ಅವಸರದಲ್ಲಿ, ಇದನ್ನು ಆಡಿದ್ದು ಯೋಚನೆ ಮಾಡಿ.

ನಿವೃತ್ತಿಯ ದಿನ ಶಾಲು ಹೊದಿಸಿದರು. ಎರಡು ಭಾಷೆಯ ಜನರ ನಡುವೆ ಸೇತುವೆಯಂತಿದ್ದವರು ಎಂದು ಒಬ್ಬ ವಕೀಲರು ಭಾಷಣ ಮಾಡಿದರು. ಮನೆಗೆ ಬಂದು ಶಾಲನ್ನು ಮಡಿಸಿ ಒಳಗಿಟ್ಟೆ, ಈವರೆಗೆ ಹೊದ್ದಿಲ್ಲ. ಪಿಂಚಣಿ ಮಂಜೂರಾಗಿ ಕೈಗೆ ಬರಲಿ ಎಂದು ಕಾದೆ. ನೋಡಿ, ಆಗಲೂ ಕಾದೆ. ಪಾಪಮ್ಮ ಹಾಕಿದ ಅಪ್ಪೀಲು ಆಗಿನ್ನೂ ಬಾಕಿಯಿತ್ತು. ಪಿಂಚಣಿ ಬಂದ ಮೇಲೆ ಧರ್ಮಪುರಿಯ ವಕೀಲರ ಮನೆಗೆ ಹೋಗಿ, ತಪ್ಪು ನನ್ನದು, ಪ್ರಮಾಣಪತ್ರ ಬರೆದುಕೊಡುತ್ತೇನೆ ಎಂದೆ. ಅವರಿಗೆ ಕಣ್ಣಲ್ಲಿ ನೀರೇ ಬಂತು. ಕೋಪದಿಂದಲೋ ಸಂತೋಷದಿಂದಲೋ ನಾನು ಕೇಳಲಿಲ್ಲ.

ಮೇಲಿನ ಕೋರ್ಟಿನಲ್ಲಿ ಅದು ಅರ್ಧ ಗಂಟೆಯ ಕೆಲಸವೂ ಆಗಲಿಲ್ಲ. ದೊಡ್ಡ ವಕೀಲರು ದನಿ ಏರಿಸಲೇ ಇಲ್ಲ. ಈ ನಿವೃತ್ತರು ಪ್ರತಿವಾದಿಯ ಭಾಷೆಯವರು, ಅವರ ಸೀಮೆಯವರು ಎಂದರು. ಇಷ್ಟು ವರ್ಷ ಯಾಕೆ ಸುಮ್ಮನಿದ್ದರು ಎಂದು ಕೇಳಿದರು. ಕೊನೆಗೆ ಸಾಕ್ಷಿ ಹೇಳಿಕೆಯ ಕಡೇ ಹಾಳೆ ತೆಗೆದು ತೋರಿಸಿದರು. ಸಾಕ್ಷಿಗೆ ಅವರ ಭಾಷೆಯಲ್ಲಿ ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು. ಇದು ನಿಮ್ಮ ಸಹಿಯೋ ಎಂದರು. ನನ್ನದೇ ಎಂದೆ. ಓದಿ ಹೇಳಿದಿರೋ ಎಂದರು. ಹೇಳಿದೆ ಎಂದೆ. ಆಕೆ ಒಪ್ಪಿದರೋ ಎಂದರು. ಒಪ್ಪಿದರು ಎಂದೆ. ಪ್ರಮಾಣ ಮಾಡಿದ್ದೆನಲ್ಲ, ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು. ಹೌದು ಎಂದರೆ ಏನೆಂದು ಅರ್ಥ ಎಂಬುದನ್ನು ವಿವರಿಸಲು ಹೊರಟೆ, ಪ್ರಶ್ನೆಗೆ ಅಷ್ಟೇ ಉತ್ತರ ಸಾಕು ಎಂದರು ಜಡ್ಜರು. ಅಪ್ಪೀಲು ವಜಾ ಆಯಿತು.

ಇನ್ನೂ ಮೇಲಕ್ಕೆ ಹೋಗಬಹುದು ಎಂದು ವಕೀಲರು ಹೇಳಿದರಂತೆ. ಪಾಪಮ್ಮ ಮಗಳ ಮುಖ ನೋಡಿದಳಂತೆ, ಮಗಳು ನೆಲ ನೋಡಿದಳಂತೆ. ಅಲ್ಲಿಗೆ ಮುಗಿಯಿತು. ಕೋರ್ಟಿನ ಆದೇಶ ಜಾರಿ ಮಾಡುವ ಅಮೀನರು ಪೊಲೀಸರ ಜೊತೆ ಹೋಗಿ ಸ್ವಾಧೀನ ಕೊಡಿಸಿಬಂದರು. ರಾಗಿ ಆಗ ತೆನೆ ಕಟ್ಟಿತ್ತು ಎಂದು ಅಮೀನರೇ ನನಗೆ ಹೇಳಿದರು.

ಹೊಸದಾಗಿ ಸೇರುವ ಮಕ್ಕಳಿಗೆ ಇದರಿಂದ ಏನು ಹೇಳಲಿ. ಜಾಗ್ರತೆಯಾಗಿರಿ ಎನ್ನಬಹುದು, ಆದರೆ ನಾನೂ ಜಾಗ್ರತೆಯ ಮನುಷ್ಯನೇ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ತಪ್ಪು ಗೋಡೌನಿನವರ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವರ ವಕೀಲರು ಅಲ್ಲೇ ಎದ್ದು ನಿಲ್ಲುತ್ತಿದ್ದರು, ಮೂರು ಭಾಷೆ ಬಲ್ಲ ಗುಮಾಸ್ತ ಅವರ ಕಿವಿಯಲ್ಲಿ ಹೇಳುತ್ತಿದ್ದ, ಊಟಕ್ಕೆ ಮೊದಲೇ ತಿದ್ದುಪಡಿ ಆಗುತ್ತಿತ್ತು. ತಪ್ಪು ಎಲ್ಲರ ಮೇಲೂ ಬೀಳುತ್ತದೆ. ಅದನ್ನು ಅಲ್ಲೇ ಒರೆಸಿಹಾಕುವ ಶಕ್ತಿ ಕೆಲವರಿಗೇ ಇರುತ್ತದೆ. ಈ ಕೋರ್ಟು ಕಚೇರಿಗಳು ಬದಲಾಗುತ್ತವೆ ಎಂದು ನನಗೆ ನಂಬಿಕೆ ಉಳಿದಿಲ್ಲ. ಮೊಬೈಲಿನಲ್ಲೇ ಕೇಸಿನ ತಾರೀಕು ನೋಡಬಹುದು ಈಗ, ತಾರೀಕು ಮಾತ್ರ ಅದೇ ತಾರೀಕು.

ಕಳೆದ ತಿಂಗಳು ಮನಸ್ಸು ತಡೆಯದೆ ಉದ್ದನಪಲ್ಲಿ ಬಸ್ಸು ಹತ್ತಿದೆ. ಪಾಪಮ್ಮನ ಊರಿಗೆ ತಿರುಗುವ ಗೇಟಿನ ಸ್ಟಾಪಿನಲ್ಲಿ ಇಳಿದಾಗ ಬೆಳಿಗ್ಗೆ ಇನ್ನೂ ಏಳು ಗಂಟೆ. ರಸ್ತೆಯ ಆಚೆ ಗೋಡೌನಿನ ನೀಲಿ ತಗಡು, ಸುತ್ತ ಕಾಂಪೌಂಡು. ಈಚೆ ನಾಲ್ಕೈದು ಹೆಂಗಸರು ವ್ಯಾನಿಗೆ ಕಾಯುತ್ತಿದ್ದರು, ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಶೆಡ್ಡಿಗೆ ಕೂಲಿಗೆ ಹೋಗುವವರು. ಅವರಲ್ಲಿ ಪಾಪಮ್ಮ ಇದ್ದಳು. ಗೋಡೌನಿಗೆ ಬೆನ್ನು ಹಾಕಿ ನಿಂತಿದ್ದಳು.

ನನ್ನನ್ನು ಗುರುತಿಸಿ, ಚೆನ್ನಾಗಿದ್ದೀಯಾ ಅಣ್ಣ ಎಂದಳು. ನಾನು ಎರಡೂ ಕೈ ಮುಗಿದೆ. ನೀನು ಸರಿಯಾಗೇ ಹೇಳಿದ್ದೆ ಕಣಮ್ಮ, ದರಿಸು ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ, ಗೊತ್ತಾದ ಮೇಲೂ ನಿನ್ನ ಹತ್ತಿರ ಮುಚ್ಚಿಟ್ಟೆ, ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಆಕೆ ಬೈಯಲಿ ಎಂದು ಆಸೆಯಿತ್ತು.

“ದರಿಸು ಅನ್ನಾದು ನಂಗೇ ಗೊತ್ತಿತ್ತಲ್ಲಣ್ಣ,” ಎಂದಳು. “ತಮಿಳಲ್ಲೇ ಯೋಳ್ಲಾ ಅಂತ ಕೇಳ್ದೆ. ನೀನೇ ಅಲ್ವಾ, ನಮ್ ಮಾತಲ್ಲೇ ಯೋಳು, ನಾನಿದ್ದೀನಿ ಅಂದಿದ್ದು.”

ವ್ಯಾನು ಬಂತು. ಉಳಿದವರು ಹತ್ತಿದರು. ಪಾಪಮ್ಮ ಬುತ್ತಿಯ ಚೀಲ ಎತ್ತಿಕೊಂಡು, ಒಂದು ಕಾಲು ಒಳಗಿಟ್ಟವಳು ತಿರುಗಿದಳು.

“ಬುಟ್ಬುಡಣ್ಣ,” ಎಂದಳು.

ಆ ಮಾತಿಗೆ ಎರಡು ಭಾಷೆಯಲ್ಲೂ ಅರ್ಥ ಒಂದೇ.